ಎರಡೂವರೆ ಕಿಲೋಮೀಟರ್ ಎಂದು ಬರೆದಿದ್ದರೆ ಅಮ್ಮ ಬರುತ್ತಿದ್ದಳು

ಬ್ಲ್ಯಾಕ್ ಫಾರೆಸ್ಟ್ ಎಂದರೆ ಉಡುಪಿಯ ಬೇಕರಿಗಳಲ್ಲಿ ಕೇಕ್. ನನಗೆ ಅದು ಮನೆಯ ಹತ್ತಿರದ ಕಾಡು. ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿದ್ದೇನೆ, ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಟರೆ ಊಟದ ಹೊತ್ತಿಗೆ ಬೆಟ್ಟದ ಮೇಲಿರುತ್ತೇವೆ.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದಳು. ಕವಲು ದಾರಿಯಲ್ಲಿ ಒಂದು ಕಂಬ. ಅದರ ಮೇಲೆ ಆ ಜಾಗದ ಹೆಸರು, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಮುಂದಿನ ಊರಿಗೆ ಎಷ್ಟು ದೂರ. ಜರ್ಮನ್ ಬಾರದ ಅಮ್ಮ ಅಂಕಿಯನ್ನು ಓದಿದಳು: 2.5. 'ಕುಂಜಿಬೆಟ್ಟಿನಿಂದ ಮಠಕ್ಕೆ ನಡೆದಷ್ಟೇ ಅಲ್ಲವೇ' ಎಂದವಳು ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಮರಗಳ ಮೇಲೆ ಹಳದಿ ವಜ್ರಾಕೃತಿಯ ಗುರುತು. ಮುಂದಿನದನ್ನು ಹುಡುಕುವುದು ಮಗಳ ಕೆಲಸ. ಗುರುತು ಹಾಕಿದವರು 1864ರಲ್ಲಿ ಹುಟ್ಟಿದ ಒಂದು ಚಾರಣ ಸಂಘದ ಸ್ವಯಂಸೇವಕರು.

ಅಲ್ಲಿ ಒಂದು ಕಿಲೋಮೀಟರ್ ಕೂಡ ಇಲ್ಲದ ದಾರಿಗೂ ಗೌರವವಿದೆ. 1999ರ ಡಿಸೆಂಬರ್ 26ರ ಲೋಥಾರ್ ಬಿರುಗಾಳಿಗೆ ಗುಡ್ಡದ ಮರಗಳು ರಾಶಿರಾಶಿಯಾಗಿ ಉರುಳಿದವು. ಒಂದು ತುಂಡು ಜಾಗವನ್ನು ಹಾಗೆಯೇ ಬಿಟ್ಟು, ಬಿದ್ದ ಮರಗಳ ನಡುವೆ ಹಲಗೆಯ ಸೇತುವೆ, ಏಣಿ ಮಾಡಿದ್ದಾರೆ. ಮಕ್ಕಳು ಹತ್ತಿ ಇಳಿಯುತ್ತಾ, ಕಾಡು ತಾನಾಗಿ ಮತ್ತೆ ಬೆಳೆಯುವುದನ್ನು ನೋಡಬಹುದು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅದೇ ಹುರುಪಿನಲ್ಲಿ ಎಲ್ಲರನ್ನೂ ಹೆಬ್ರಿಯ ಕಡೆ, ಕೂಡ್ಲು ತೀರ್ಥ ಜಲಪಾತಕ್ಕೆ ಹೊರಡಿಸಿದೆ. ದಾರಿಯಲ್ಲಿ ಶರಬತ್ತು ಕುಡಿಯುತ್ತಾ, ಅಲ್ಲಿ ಎಷ್ಟು ನಡೆಯಬೇಕೆಂದು ಕೇಳಿದೆ. ಒಬ್ಬರು 'ಇಲ್ಲೇ, ಹತ್ತು ನಿಮಿಷ' ಎಂದರು. ಪಕ್ಕದವರು 'ಅರ್ಧ ಗಂಟೆ ಬೇಕು' ಎಂದರು. ಅಂಗಡಿಯವರು ಅಮ್ಮನ ಕಾಲನ್ನೊಮ್ಮೆ ನೋಡಿ, 'ಅಮ್ಮ, ನಿಮಗೆ ಕಷ್ಟ' ಎಂದುಬಿಟ್ಟರು. 'ನೀವು ಹೋಗಿ ಬನ್ನಿ ಮಾರಾಯ' ಎಂದು ಅಮ್ಮ ಕಾರಿನಲ್ಲೇ ಉಳಿದಳು. ನನಗೆ ಕೋಪ ಬಂದದ್ದು ಅವರ ಮೇಲಲ್ಲ, ಇಲ್ಲದ ಆ ಕಂಬದ ಮೇಲೆ.

ನಮ್ಮಲ್ಲಿ ಚಾರಣ ಎಂದರೆ ಹುಡುಗರದ್ದು ಎಂದಾಗಿದೆ. ಹೆಸರು ಬರುವುದು 1894 ಮೀಟರಿನ ಕುದುರೆಮುಖಕ್ಕೆ, ಕುಮಾರಪರ್ವತಕ್ಕೆ. ಅಲ್ಲಿಗೆ ಆನ್‌ಲೈನ್ ಟಿಕೆಟ್, ಜನರಿಗೆ ಮಿತಿ, ಅದು ಸರಿಯೇ. ಆದರೆ ಆರು ವರ್ಷದ ಮಗುವಿಗೂ ಅರವತ್ತೆಂಟರ ಅಜ್ಜಿಗೂ ಒಟ್ಟಿಗೆ ಆಗುವ ದಾರಿ ಯಾವುದೆಂದು ಹೇಳುವವರಿಲ್ಲ.

ಜರ್ಮನಿಯದ್ದನ್ನು ಕಿತ್ತು ತಂದು ಇಲ್ಲಿ ನೆಡಿ ಎನ್ನುತ್ತಿಲ್ಲ. ಘಟ್ಟದಲ್ಲಿ ಕಾಟಿಗಳಿವೆ, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳಗಳಿವೆ, ತೊರೆ ನೋಡನೋಡುತ್ತಿದ್ದಂತೆ ಏರುತ್ತದೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಹಳದಿ ಬಣ್ಣ ಬಳಿದರೆ ಪಾಚಿ ಅದನ್ನು ಒಂದೇ ಮಳೆಗಾಲಕ್ಕೆ ನುಂಗೀತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ತೆರೆದಿರುವ ನಾಲ್ಕು ಚಿಕ್ಕ ದಾರಿಗಳು, ಪ್ರತಿಯೊಂದರ ಬಾಯಲ್ಲಿ ದೂರ ಮತ್ತು ಏರು ಬರೆದ ಒಂದು ಕಲ್ಲು. ಇಷ್ಟೇ ನನ್ನ ಬೇಡಿಕೆ. ಎರಡಕ್ಷರ ಕೆತ್ತಲು ಕಾರ್ಕಳದ ಶಿಲ್ಪಿಗಳಿಗೆ ಎಷ್ಟು ಹೊತ್ತು ಬೇಕು?

ಮರುದಿನ ಅಮ್ಮ ತಾನಾಗಿ, 'ಕುಂಜಾರುಗಿರಿಗೆ ಹೋಗೋಣ' ಎಂದಳು. ದುರ್ಗೆಯ ಗುಡಿಗೆ ರಸ್ತೆಯಿದ್ದರೂ ಮೆಟ್ಟಿಲೇ ಬೇಕಂತೆ. ಚಪ್ಪಲಿ ಕಾರಿನಲ್ಲಿ ಬಿಟ್ಟು, ನಡುನಡುವೆ ಮೆಟ್ಟಿಲ ಮೇಲೆ ಕುಳಿತು, ಎದುರಿಗೆ ಇಳಿದು ಬಂದವರ ಊರು ಮನೆ ವಿಚಾರಿಸಿಕೊಂಡು ಹತ್ತಿದಳು. ಜರ್ಮನಿಯ ಕಾಡಿನಲ್ಲಿ ಎದುರಾದವರು 'ಹಲೋ' ಎಂದು ದಾಟಿಬಿಡುತ್ತಾರೆ. ಅಲ್ಲಿ ಅಮ್ಮನಿಗೆ ಬೇಸರವಾಗಿದ್ದು ಅದೊಂದೇ. ಇಲ್ಲಿ ಕಂಬವೂ ಇರಲಿಲ್ಲ, ದೂರ ಕೇಳುವ ಅಗತ್ಯವೂ ಬೀಳಲಿಲ್ಲ. ಚಿಕ್ಕಂದಿನಿಂದ ಹತ್ತಿದ ಬೆಟ್ಟ.

ಇಳಿದು ಬರುವಾಗ ದಾರಿ ಬದಿಯ ನಾಗನ ಕಲ್ಲಿನ ಮೇಲೆ ಅರಸಿನ ಕಂಡ ಮಗಳು, 'ಪಪ್ಪಾ, ಹಳದಿ ಗುರುತು! ದಾರಿ ತಪ್ಪಿಲ್ಲ' ಎಂದು ಕೂಗಿದಳು. ಅಮ್ಮ ಅವಳ ಕೈ ಮುಗಿಸಿ ಮುಂದೆ ನಡೆಸಿದಳು.