ಒಂದಗುಳು ನೋಡಿ ಅನ್ನ ಹೇಳಬಹುದೇ? ಮಾದರಿ ಸಮೀಕ್ಷೆಯ ಲೆಕ್ಕ ಹೈಸ್ಕೂಲಿಗೆ ಬೇಕೇ, ಬೇಡವೇ

ಎಸ್ಸೆಸ್ಸೆಲ್ಸಿವರೆಗೆ ನಮ್ಮ ಮಕ್ಕಳಿಗೆ ಸಂಖ್ಯಾಶಾಸ್ತ್ರ ಅಂದರೆ ಸರಾಸರಿ, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಮತ್ತು ಬಹುಲಕ (ಅತಿ ಹೆಚ್ಚು ಸಲ ಬರುವ ಅಂಕಿ). ಕೊಟ್ಟ ಅಂಕಿಗಳನ್ನು ಇಟ್ಟುಕೊಂಡು ಅದೇ ಅಂಕಿಗಳ ಬಗ್ಗೆ ಮಾತಾಡುವುದು ಅಷ್ಟೆ. ಸ್ವಲ್ಪವನ್ನು ನೋಡಿ ಇಡೀ ಸಮೂಹದ ಬಗ್ಗೆ ಹೇಳುವ ಮಾದರಿ ಸಮೀಕ್ಷೆಯ ಲೆಕ್ಕವನ್ನು ಹೈಸ್ಕೂಲಿನಲ್ಲೇ ಶುರು ಮಾಡಬೇಕೇ? ಹೈಸ್ಕೂಲಿನಲ್ಲಿ ಗಣಿತ ಕಲಿಸುವವರೊಬ್ಬರು, ಪಿಯುಸಿಗೆ ಸಂಖ್ಯಾಶಾಸ್ತ್ರ ಕಲಿಸುವವರೊಬ್ಬರು ಇಲ್ಲಿ ತಮ್ಮ ತಮ್ಮ ಮಾತು ಹೇಳಿದ್ದಾರೆ.

ಪರ: ಐದು ಉತ್ತರ ಬರುವ ಲೆಕ್ಕವನ್ನೂ ಮಕ್ಕಳು ಮಾಡಲಿ

ಎಂಟನೇ ತರಗತಿಗೆ ಒಂದು ದಿನ ಹುಣಸೆ ಬೀಜ ತುಂಬಿದ ಹಾರ್ಲಿಕ್ಸ್ ಬಾಟಲಿ ತೆಗೆದುಕೊಂಡು ಹೋಗಿದ್ದೆ. 'ಇದರಲ್ಲಿ ಎಷ್ಟಿವೆ ಹೇಳಿ, ಆದರೆ ಪೂರ್ತಿ ಸುರಿದು ಎಣಿಸೋ ಹಾಗಿಲ್ಲ' ಅಂದೆ. 50 ಬೀಜ ತೆಗೆದು ಒಂದೊಂದಕ್ಕೂ ವೈಟ್ನರ್‌ನಿಂದ ಚುಕ್ಕೆ ಇಟ್ಟೆವು. ಒಣಗಿದ ಮೇಲೆ ವಾಪಸು ಹಾಕಿ ಚೆನ್ನಾಗಿ ಕುಲುಕಿದೆವು. ಆಮೇಲೆ ಒಂದೊಂದು ಗುಂಪಿನವರು ಕಣ್ಣು ಮುಚ್ಚಿ 60 ಬೀಜ ತೆಗೆಯುವುದು, ಚುಕ್ಕೆಯವು ಎಷ್ಟೆಂದು ಬರೆದುಕೊಳ್ಳುವುದು, ಎಲ್ಲವನ್ನೂ ತಿರುಗಿ ಬಾಟಲಿಗೆ ಹಾಕಿ ಕುಲುಕುವುದು.

ಮೊದಲ ಗುಂಪಿಗೆ ಚುಕ್ಕೆಯವು 6 ಸಿಕ್ಕವು. ಹತ್ತಕ್ಕೊಂದು. ಹಾಗಾದರೆ ನಾವು ಚುಕ್ಕೆ ಇಟ್ಟ 50 ಬೀಜ ಇಡೀ ಬಾಟಲಿಯಲ್ಲಿ ಹತ್ತರಲ್ಲೊಂದು ಪಾಲು, ಒಟ್ಟು 500. ಬರೀ ತ್ರೈರಾಶಿ. ಮಕ್ಕಳು ಚಪ್ಪಾಳೆ ತಟ್ಟಿದರು. ಎರಡನೇ ಗುಂಪಿಗೆ 4 ಸಿಕ್ಕವು, ಲೆಕ್ಕ 750ಕ್ಕೆ ಹೋಯಿತು. ಮೂರನೆಯದಕ್ಕೆ 9, ಅಂದರೆ 333. ಉಳಿದೆರಡು ಗುಂಪುಗಳದ್ದು 600 ಮತ್ತು 375. ಜಗಳ ಶುರುವಾಯಿತು. 'ಸರ್, ಯಾರದ್ದು ಸರಿ?' ಯಾರೂ ಗುಣಾಕಾರ ತಪ್ಪಿರಲಿಲ್ಲ. ಎಲ್ಲರ ಹೆಕ್ಕಿದ ಬೀಜಗಳನ್ನೂ ಸೇರಿಸಿದಾಗ 300ಕ್ಕೆ 32 ಚುಕ್ಕೆ. ಆ ಲೆಕ್ಕದಲ್ಲಿ ಬಾಟಲಿಯಲ್ಲಿರಬೇಕಾದದ್ದು ಸುಮಾರು 469. ಕೊನೆಗೆ ಬೆಂಚಿನ ಮೇಲೆ ಸುರಿದು ಎಣಿಸಿದೆವು. 486 ಇದ್ದವು. ಆ ಪೀರಿಯಡ್ಡಿನ ಬೆಲ್ ಹೊಡೆದದ್ದು ನಮಗೆ ಯಾರಿಗೂ ಕೇಳಿಸಿರಲಿಲ್ಲ.

ಗಣಿತದಲ್ಲಿ ಉತ್ತರಕ್ಕೆ ಆಚೀಚೆ ಜಾಗ ಇರುತ್ತದೆ, ಹೆಚ್ಚು ನೋಡಿದಷ್ಟೂ ಆ ಜಾಗ ಕಿರಿದಾಗುತ್ತದೆ ಎಂಬುದನ್ನು ಅವರು ಕೈಯಲ್ಲಿ ಮುಟ್ಟಿ ಕಲಿತರು. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು ಹುಲಿಗಳ ಅಂದಾಜು ಮಾಡಿದ್ದರ ಬೇರೂ ಇದೇ ಲೆಕ್ಕ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ, ಹಾಗಾಗಿ ವೈಟ್ನರ್ ಬೇಡ. ಚುಕ್ಕೆಯ ಕೆಲಸವನ್ನು ಪಟ್ಟೆಯೇ ಮಾಡುತ್ತದೆ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳು ಅಂತ ಪೇಪರಿನಲ್ಲಿ ಬಂತಲ್ಲ, ಅದು ಕ್ಯಾಮೆರಾಕ್ಕೆ ಬಿದ್ದವನ್ನು ಎಣಿಸಿ, ಬೀಳದವು ಎಷ್ಟಿರಬಹುದೆಂದು ಲೆಕ್ಕ ಹಾಕಿ ಬಂದ ಅಂದಾಜು. 'ಗಣತಿ' ಅಂತ ಓದಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ನಮ್ಮ ಶಾಲೆಯ ಮಕ್ಕಳ ಮನೆಗೆ ಈ ಲೆಕ್ಕ ಬರುವ ದಾರಿ ಇನ್ನೂ ಹತ್ತಿರದ್ದು. ಫಸಲ್ ಬಿಮಾ ಕಟ್ಟಿದ ಅಪ್ಪನಿಗೆ ಪರಿಹಾರ ಸಿಗುತ್ತದೋ ಇಲ್ಲವೋ ಅನ್ನುವುದು ಪಂಚಾಯ್ತಿಯಲ್ಲಿ ಆಯ್ದ ಕೆಲವೇ ಹೊಲಗಳ ಬೆಳೆ ಕಟಾವು ಪ್ರಯೋಗದ ಮೇಲೆ ಹೆಚ್ಚಾಗಿ ನಿಂತಿದೆ. ಹೊಲದಲ್ಲಿ ಹಗ್ಗ ಹಿಡಿದು ಒಂದು ಸಣ್ಣ ಚೌಕ ಗುರುತು ಮಾಡಿ, ಅಷ್ಟರಲ್ಲಿ ಬಂದ ಕಾಳನ್ನು ತೂಗಿ, ಅದರಿಂದ ಇಡೀ ಪಂಚಾಯ್ತಿಯ ಇಳುವರಿ ಬರೆಯುತ್ತಾರೆ. 'ನಮ್ಮ ಹೊಲ ನೋಡೇ ಇಲ್ಲ, ನಮ್ಮ ಬೆಳೆ ಹೆಂಗೆ ಬರೆದ್ರು?' ಎಂದು ಕೇಳುವ ರೈತನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕುವಷ್ಟು ಗಣಿತ ಅವನ ಮಗಳ ಬಳಿ ಇರಬೇಕು. ಎಲ್ಲಿ ಒಪ್ಪಬೇಕು, ಎಲ್ಲಿ ಪಟ್ಟು ಹಿಡಿದು ಕೇಳಬೇಕು ಅನ್ನುವುದು ಅವಳಿಗೆ ತಿಳಿಯಬೇಕು.

ವರ್ಗಮೂಲ ಎಂಟನೇ ತರಗತಿಗೇ ಬರುತ್ತದೆ. ಲಾಟರಿ ಎತ್ತಿದ ಹಾಗೆ ಆರಿಸಿದ 100 ಜನರನ್ನು ಕೇಳಿದರೆ ಉತ್ತರ ನೂರಕ್ಕೆ 10ರಷ್ಟು ಆಚೀಚೆ ಹೋಗಬಹುದು, 400 ಜನರನ್ನು ಕೇಳಿದರೆ 5ರಷ್ಟು. ಒಂದನ್ನು ಎಣಿಕೆಯ ವರ್ಗಮೂಲದಿಂದ ಭಾಗಿಸಿದರೆ ಈ ಸ್ಥೂಲ ಲೆಕ್ಕ ಸಿಗುತ್ತದೆ. ತಪ್ಪನ್ನು ಅರ್ಧ ಮಾಡಬೇಕೆಂದರೆ ಕೆಲಸ ನಾಲ್ಕು ಪಟ್ಟು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಇದು ಬೇಕು: 10 ಮಕ್ಕಳ ಶಾಲೆಯಲ್ಲಿ ಒಬ್ಬ ಫೇಲಾದರೆ ಶೇ 90, 200 ಮಕ್ಕಳ ಶಾಲೆಯಲ್ಲಿ ಒಬ್ಬ ಫೇಲಾದರೆ ಶೇ 99.5. ಸಣ್ಣ ಶಾಲೆಯ ಮೇಷ್ಟರನ್ನು ಒಂದು ವರ್ಷ ಹೊಗಳಿ ಮರುವರ್ಷ ನೋಟಿಸ್ ಕೊಡುವ ಮುಂಚೆ ಇಷ್ಟನ್ನಾದರೂ ಯೋಚಿಸಬೇಡವೇ?

'ಚಿಕ್ಕ ಮಕ್ಕಳಿಗೆ ಇದು ಭಾರ' ಅನ್ನುತ್ತಾರೆ. ಅಮೆರಿಕದ ಬಹುಪಾಲು ರಾಜ್ಯಗಳು ಒಪ್ಪಿಕೊಂಡ 2010ರ ಕಾಮನ್ ಕೋರ್ ಪಠ್ಯಕ್ರಮದಲ್ಲಿ ಮಾದರಿ ನೋಡಿ ಸಮೂಹವನ್ನು ಅಂದಾಜಿಸುವುದು ಏಳನೇ ತರಗತಿಯ ಪಾಠ. ಅವರು ಮಾಡಿದರು ಎಂದು ನಾವೂ ಮಾಡಬೇಕಿಲ್ಲ. ಆ ವಯಸ್ಸಿಗೆ ಇದು ಹಿಡಿಸುತ್ತದೆ ಎನ್ನಲು ಹೇಳಿದೆ. ದೇಶಕ್ಕೇ ಮಾದರಿ ಸಮೀಕ್ಷೆಯ ದಾರಿ ಹಾಕಿದವರು ನಮ್ಮವರೇ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಹೊಲಗಳಲ್ಲಿ ಶುರು ಮಾಡಿದ ಕೆಲಸ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯಾಯಿತು. ಅವರ ಸಂಸ್ಥೆಯಲ್ಲಿ ಬೆಳೆದ ಸಿ. ಆರ್. ರಾವ್ ಹುಟ್ಟಿದ್ದು ಮಲ್ಲಿಗೆಯ ಊರು ಹೂವಿನಹಡಗಲಿಯಲ್ಲಿ, 1920ರಲ್ಲಿ. ಅಂಕಿಗಳಿಂದ ಮಾಡುವ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂದು 1945ರಲ್ಲಿ ಜಗತ್ತಿಗೆ ತೋರಿಸಿದರು. ಹಡಗಲಿಯ ಹೈಸ್ಕೂಲು ಮಗು ಇವತ್ತಿಗೂ ಹತ್ತನೇ ತರಗತಿ ಮುಗಿಸುವುದು ಬಹುಲಕದ ಸೂತ್ರ ಬಾಯಿಪಾಠ ಮಾಡಿ. ಆ ಸೂತ್ರದ ಜಾಗವನ್ನು ನನ್ನ ಹುಣಸೆ ಬೀಜಕ್ಕೆ ಬಿಟ್ಟುಕೊಡಿ ಎಂದಷ್ಟೇ ನಾನು ಕೇಳುವುದು.

ವಿರೋಧ: ಬಾಟಲಿ ಕುಲುಕಬಹುದು, ಊರನ್ನು ಕುಲುಕಲಾಗದು

ಹುಣಸೆ ಬೀಜದ ಪಾಠ ಚೆನ್ನಾಗಿದೆ. ನಾನೂ ಮಾಡಿಸುತ್ತೇನೆ, ಆದರೆ ಪಿಯುಸಿಯಲ್ಲಿ. ಆ ಲೆಕ್ಕದ ಜೀವ ಇರುವುದು ತ್ರೈರಾಶಿಯಲ್ಲಲ್ಲ, ಕುಲುಕಿದ್ದರಲ್ಲಿ. ಪ್ರತಿ ಬೀಜಕ್ಕೂ ಕೈಗೆ ಬರುವ ಅವಕಾಶ ಸಮನಾಗಿತ್ತು. ಪಠ್ಯದಲ್ಲಿ ಅಚ್ಚಾದ ಮೇಲೆ ಕುಲುಕುವುದು ಬಿಟ್ಟುಹೋಗುತ್ತದೆ, ತ್ರೈರಾಶಿ ಮಾತ್ರ ಉಳಿಯುತ್ತದೆ. ಇದು ನನ್ನ ಊಹೆಯಲ್ಲ, ಪ್ರತಿ ವರ್ಷ ಕಾಣುವುದು.

ಒಬ್ಬ ವಿದ್ಯಾರ್ಥಿ ತಂದ ಪ್ರಾಜೆಕ್ಟ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಣ್ಣದ ಚಾರ್ಟು, ಅಂಚಿಗೆಲ್ಲ ಮಿನುಗು ಪೇಪರು. ತನ್ನ ಬಸ್ಸಿನಲ್ಲಿ ಬರುವ 30 ಗೆಳೆಯರನ್ನು ಕೇಳಿ, 24 ಮಂದಿ ರಾತ್ರಿ ಹನ್ನೊಂದರ ನಂತರವೂ ಮೊಬೈಲ್ ನೋಡುತ್ತಾರೆಂದು ಗುರುತಿಸಿ, ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದ: 'ನಮ್ಮ ತಾಲ್ಲೂಕಿನ ಶೇ 80ರಷ್ಟು ಯುವಜನರು'. ಪಕ್ಕದಲ್ಲಿ ವರ್ಗಮೂಲದ ಲೆಕ್ಕ ಹಾಕಿ 'ಆಚೀಚೆ ಶೇ 18' ಅಂತಲೂ ಇತ್ತು. ಲೆಕ್ಕ ಸರಿ, ಮಾತು ಸುಳ್ಳು. ಬಸ್ಸಿನಲ್ಲಿ ಬಾರದವರು, ಕಾಲೇಜಿಗೇ ಬಾರದವರು, ಮೊಬೈಲೇ ಇಲ್ಲದ ಹುಡುಗಿಯರು ಅವನ ಚಾರ್ಟಿನಲ್ಲಿ ಎಲ್ಲಿದ್ದರು? ನಾನು ಕೇಳಿದಾಗ ಪಾಪ, ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸೂತ್ರ ಅವನನ್ನು ಕಾಪಾಡಲಿಲ್ಲ. ತಪ್ಪಿಗೆ ಧೈರ್ಯ ಕೊಟ್ಟಿತು.

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ ಆದದ್ದೂ ಇದೇ. ಅಧ್ಯಕ್ಷ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಜನರಿಗೆ ಮತಪತ್ರದ ಕಾರ್ಡು ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರೂಸ್‌ವೆಲ್ಟ್‌ಗೆ ನೂರಕ್ಕೆ 43 ಮತ, ಸೋಲುತ್ತಾರೆ ಎಂದು ಬರೆಯಿತು. ಅವರಿಗೆ ಬಂದದ್ದು 60ಕ್ಕೂ ಹೆಚ್ಚು. ಪರ ವಾದಿಸಿದವರ ವರ್ಗಮೂಲದ ಲೆಕ್ಕ ಇಲ್ಲಿ ಹಾಕಿ ನೋಡಿ: ಅಷ್ಟು ದೊಡ್ಡ ಮಾದರಿಗೆ ತಪ್ಪು ನೂರಕ್ಕೆ ಒಂದರ ಹತ್ತನೇ ಒಂದು ಪಾಲೂ ಇರಬಾರದು. ಆದದ್ದು 17ಕ್ಕಿಂತ ಹೆಚ್ಚು. ಟೆಲಿಫೋನ್, ಕಾರು ಇದ್ದವರ ಪಟ್ಟಿಯಿಂದ ವಿಳಾಸ ತೆಗೆದರು, ಉತ್ತರ ಬರೆಯುವ ಉಮೇದು ಇದ್ದವರಷ್ಟೇ ಬರೆದರು. ಈ ಕಾರಣಗಳು ಯಾವ ಸೂತ್ರದೊಳಗೂ ಇಲ್ಲ. ನಮ್ಮಲ್ಲೂ 2024ರ ಲೋಕಸಭೆಗೆ ಹಲವು ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಕೊಟ್ಟವು, ಬಂದದ್ದು 293.

ಅಗುಳಿನ ಗಾದೆಯೂ ಇಲ್ಲೇ ಎಡವಿಸುತ್ತದೆ. ಒಂದಗುಳು ಹಿಚುಕಿ ಇಡೀ ಮಡಕೆಯ ಅನ್ನ ಬೆಂದಿತೇ ಎಂದು ತಿಳಿಯುವುದನ್ನು ಸ್ಥಾಲೀಪುಲಾಕ ನ್ಯಾಯ ಅಂತ ಹಿರಿಯರು ಹೇಳಿದ್ದು ಅನ್ನಕ್ಕೆ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಕೇರಿಯಿಂದ ಕೇರಿಗೆ ಬದುಕು ಬೇರೆಯಾಗುವ ಊರಿಗೆ ಅದನ್ನು ಹಚ್ಚಿದರೆ ಏನಾಗುತ್ತದೆ? 'ಆ ಊರಿನವರು ಹಂಗೆ, ಈ ಜಾತಿಯವರು ಹಿಂಗೆ' ಎಂಬ ಮಾತುಗಳೆಲ್ಲ ಒಂದಗುಳು ನೋಡಿದವರವೇ. ಹದಿಮೂರು ವರ್ಷದ ಮಗುವಿಗೆ ಅದಕ್ಕೊಂದು ಗಣಿತದ ಮುದ್ರೆ ಕೊಡಲು ನನಗೆ ಭಯ.

ಇನ್ನೊಂದು ಕಡೆ, ಹತ್ತನೇ ತರಗತಿಯ ಸಂಭವನೀಯತೆ ನಾಣ್ಯ, ದಾಳ, ಇಸ್ಪೀಟು ಎಲೆಗೆ ಮುಗಿಯುತ್ತದೆ. ಅಲ್ಲಿಂದ 'ಆಚೀಚೆ ಶೇ 5'ಕ್ಕೆ ಹೋಗುವ ಸೇತುವೆ ಇಲ್ಲ. ಸೇತುವೆ ಇಲ್ಲದ ಕಡೆ ಮಗು ನಂಬಿ ದಾಟಬೇಕು, ಅಂದರೆ ಬಹುಲಕದ ಸೂತ್ರದ ಜಾಗಕ್ಕೆ ಇನ್ನೊಂದು ಬಾಯಿಪಾಠ ಬಂದು ಕೂರುತ್ತದೆ. ಮೂರು ಅಂಕದ ಪ್ರಶ್ನೆ, ಗೈಡಿನಲ್ಲಿ ಮಾದರಿ ಉತ್ತರ. ನನ್ನ ಬಳಿ ಬರುವವರಲ್ಲಿ 1/6 ದೊಡ್ಡದೋ 1/8 ದೊಡ್ಡದೋ ಎಂದು ತಡವರಿಸುವವರು ಈಗಲೂ ಇದ್ದಾರೆ. ಹೈಸ್ಕೂಲಿನ ಗಣಿತದ ಪೀರಿಯಡ್ಡು ಭಿನ್ನರಾಶಿಗೆ, ಶೇಕಡಾಕ್ಕೆ ಬೇಕು. ಅದು ಗಟ್ಟಿಯಾದವರಿಗೆ ನಾನು ಉಳಿದದ್ದನ್ನು ಎರಡು ತಿಂಗಳಲ್ಲಿ ಕಲಿಸುತ್ತೇನೆ.

ಹಾಗಂತ ಮಕ್ಕಳಿಗೆ ಮಾದರಿ ಅಂದರೇನು ಎಂದು ಗೊತ್ತಾಗುವುದೇ ಬೇಡವೇ? ಬೇಕು. ಹೊಲದಲ್ಲಿ ಗೊತ್ತಾಗಲಿ. ವಿಜ್ಞಾನದ ಮೇಷ್ಟರು ಒಂದು ಬೆಳಗ್ಗೆ ಮಕ್ಕಳನ್ನು ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯಲು ಕರೆದುಕೊಂಡು ಹೋಗಲಿ. ಅಂಕುಡೊಂಕಾಗಿ ನಡೆಯುತ್ತ ಎಂಟು ಹತ್ತು ಕಡೆ ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಿ, ಬದಿಯ ಮಣ್ಣು ಕೆರೆದು ಬುಟ್ಟಿಗೆ ಹಾಕಬೇಕು. ಬದುವಿನ ಮೇಲೆ ತೆಗೆಯಬಾರದು, ಮರದ ಬುಡದಲ್ಲಿ ತೆಗೆಯಬಾರದು, ಗೊಬ್ಬರ ಗುಡ್ಡೆ ಹಾಕಿದ್ದ ಕಡೆಯಂತೂ ಬೇಡವೇ ಬೇಡ. ಮೇಲಿನ ಹೊಲ ಕೆಂಪು, ಕೆಳಗಿನದು ಎರೆ ಆದರೆ ಎರಡನ್ನೂ ಬೆರೆಸಬಾರದು, ಬೇರೆ ಬೇರೆ ಚೀಲ. ತೆಗೆದದ್ದನ್ನು ಗೋಣಿತಾಟಿನ ಮೇಲೆ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರು ಎರಡು ಭಾಗ ಬಿಟ್ಟು, ಮತ್ತೆ ಬೆರೆಸಿ, ಮತ್ತೆ ನಾಲ್ಕು ಮಾಡಿ, ಅರ್ಧ ಕೆಜಿ ಉಳಿಯುವ ತನಕ.

'ಗೊಬ್ಬರದ ಗುಡ್ಡೆ ಹತ್ರ ತೆಗೆದ್ರೆ ಏನಾಗುತ್ತೆ ಸರ್?' ಅಂತ ಒಬ್ಬ ಹುಡುಗ ಕೇಳೇ ಕೇಳುತ್ತಾನೆ. ಆಗ ಮೇಷ್ಟರು ಸುಮ್ಮನಿದ್ದು, ಪಕ್ಕದಲ್ಲಿ ನಿಂತ ಹೊಲದ ಯಜಮಾನರಿಗೆ ಉತ್ತರ ಹೇಳಲು ಬಿಡಬೇಕು.