ಹಿತಕಿದ ಬೇಳೆಗೆ ಕುಕ್ಕರ್ ಬೇಡ

ಚಳಿಗಾಲದ ಅಡುಗೆಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಹಿತಕಿದ ಅವರೆಬೇಳೆ ಸಾರಿಗೆ ಕುಕ್ಕರ್‌ನಲ್ಲಿ 3 ವಿಷಲ್ ಕೂಗಿಸಿ ಅಂತ ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಹಿತಕಿ, ಅಂದರೆ ಬೆರಳಲ್ಲಿ ಒತ್ತಿ ಸಿಪ್ಪೆ ತೆಗೆದ ಎಳೆ ಬೇಳೆ ಅದು, ಅಷ್ಟು ಹೊತ್ತಿಗೆ ಕರಗಿ ಗಂಜಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ 15-20 ನಿಮಿಷ ಸಾಕು. ಬೆರಳಲ್ಲಿ ಒತ್ತಿದರೆ ಮೆತ್ತಗಿರಬೇಕು, ಆಕಾರ ಉಳಿದಿರಬೇಕು.

ನಮ್ಮ ಕೋಲಾರದ ಕಡೆ ಸುಲಿದ ಕಾಳನ್ನು ರಾತ್ರಿಯೇ ನೆನೆಸಿಡುತ್ತೇವೆ. ಬೆಳಿಗ್ಗೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಹಿತಕುವುದು. ಒಬ್ಬರೇ ಕೂತರೆ ಬೆರಳು ಬಿದ್ದುಹೋಗುತ್ತದೆ! ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚೂರು ಚಕ್ಕೆ, ಎರಡು ಲವಂಗ ಎಣ್ಣೆಯಲ್ಲಿ ಬಾಡಿಸಿ, ಕಾಯಿತುರಿ, ಗಸಗಸೆ, ಕೊತ್ತಂಬರಿ ಸೊಪ್ಪು, ಸಾರಿನ ಪುಡಿ ಸೇರಿಸಿ ನುಣ್ಣಗೆ ರುಬ್ಬಬೇಕು. ಹುಳಿಗೆ ಒಂದು ಟೊಮೆಟೊ. ಒಗ್ಗರಣೆಯಲ್ಲಿ ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಕುದಿಸಿ, ಆಮೇಲೆ ಬೇಳೆ ಹಾಕಿ. ನೀವು ಹೇಳಿರುವ ಏಲಕ್ಕಿ, ಮರಾಠಿ ಮೊಗ್ಗು ಎಲ್ಲ ಬಿದ್ದರೆ ಅವರೆಯ ಸೊಗಡು ಮುಚ್ಚಿಹೋಗುತ್ತದೆ. ಆ ಸೊಗಡಿಗಾಗಿಯೇ ಅಲ್ವಾ ವರ್ಷವಿಡೀ ಕಾಯುವುದು? ಇಬ್ಬನಿ ಬಿದ್ದಷ್ಟೂ ಅದು ಜಾಸ್ತಿ ಅಂತ ನಮ್ಮೂರಲ್ಲಿ ಹೇಳುತ್ತಾರೆ.

ಜೊತೆಗೆ ಬಿಸಿ ರಾಗಿ ಮುದ್ದೆ ಇದ್ದರೆ ಬೇರೇನೂ ಬೇಡ. ಹಿತಕಲು ಪುರುಸೊತ್ತಿಲ್ಲದವರು ಅಕ್ಕಿ ರೊಟ್ಟಿ ಮಾಡಿ. ಬೇಯಿಸಿದ ಅವರೆಕಾಳು, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಕಾಯಿತುರಿಯನ್ನು ಹಿಟ್ಟಿಗೆ ಹಾಕಿ ಬಿಸಿನೀರಲ್ಲಿ ಕಲಸಿ. ಎಣ್ಣೆ ಸವರಿದ ಬಾಣಲೆಯಲ್ಲೇ ತೆಳ್ಳಗೆ ತಟ್ಟಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ. ಇನ್ನೊಂದು ರೊಟ್ಟಿ ತಟ್ಟುವ ಮೊದಲು ಬಾಣಲೆ ತಣಿಯಲೇಬೇಕು. ಹಾಗಾಗಿ ಎರಡು ಬಾಣಲೆ ಇಟ್ಟುಕೊಂಡರೆ ಒಳ್ಳೆಯದು.