ನಖಲಾಕ್ಷಾ ಪ್ರಸಂಗ

ವಿದೇಶಕ್ಕೆ ಹೋಗಿ ಬಂದವರ ಮೊಬೈಲಿನಲ್ಲಿ ಗೋಪುರ, ಸೇತುವೆ, ಹಿಮ ಹೊದ್ದ ಬೆಟ್ಟಗಳ ಚಿತ್ರಗಳಿರುವುದು ವಾಡಿಕೆ. ನನ್ನ ಮೊಬೈಲಿನಲ್ಲಿರುವುದು ಉಗುರುಬಣ್ಣದ ಬಾಟಲಿಗಳನ್ನು ಜೋಡಿಸಿಟ್ಟ ಕಪಾಟುಗಳ ಚಿತ್ರ. ದುಬೈಯ ತಮ್ಮನ ಮನೆಗೆ ಹೋದಾಗ ತೆಗೆದವು 11, ಜರ್ಮನಿಯ ಮಗಳ ಮನೆಗೆ ಹೋದಾಗ ತೆಗೆದವು 43. ಹೈಡೆಲ್‌ಬರ್ಗಿನ ಕೋಟೆಯದ್ದು ಎರಡೇ ಎರಡು. ಅವುಗಳಲ್ಲೂ ಒಂದಕ್ಕೆ ನಮ್ಮ ಯಜಮಾನರ ಹೆಬ್ಬೆರಳು ಅಡ್ಡ ಬಂದಿದೆ.

ಇದನ್ನು ಇಷ್ಟು ದಿನ ಯಾರಿಗೂ ಹೇಳದಿರಲು ಕಾರಣವಿದೆ. ಉಡುಪಿಯ ಸಮೀಪದ ಹೈಸ್ಕೂಲೊಂದರಲ್ಲಿ ನಾನು 26 ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯರ ಸಾಲಿನುದ್ದಕ್ಕೂ ನಡೆಯುತ್ತ, ಚಾಚಿದ ಕೈಗಳನ್ನು ಪರೀಕ್ಷಿಸಿ, ಬಣ್ಣ ಹಚ್ಚಿದ ಉಗುರು ಕಂಡರೆ ಅದರ ಒಡತಿಯನ್ನು ಮಧ್ಯಾಹ್ನ ಲ್ಯಾಬಿಗೆ ಕರೆಸಿ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿಸುವುದು ಶಾಲೆಯಲ್ಲಿ ನನಗೆ ವಹಿಸಿದ ಹೆಚ್ಚುವರಿ ಕೆಲಸ. ಉಜ್ಜುವಾಗ ಆ ಹುಡುಗಿಯರು ನೋಡುವ ನೋಟವನ್ನು ನಾನು ಎದುರಿಸಬಲ್ಲೆ. ಅವರು ಹಚ್ಚಿಕೊಂಡ ಬಣ್ಣ ಚೆನ್ನಾಗಿದ್ದರೆ ಮಾತ್ರ ಸ್ವಲ್ಪ ಕಷ್ಟವಾಗುತ್ತದೆ.

ನಮ್ಮ ಮನೆಯಲ್ಲಿ ಉಗುರುಬಣ್ಣಕ್ಕೆ ಕ್ಯೂಟೆಕ್ಸ್ ಎಂದೇ ಹೆಸರು. ಅದು ಅಮೆರಿಕದ ಒಂದು ಕಂಪನಿಯ ಹೆಸರೆಂದೂ, ಆ ಕಂಪನಿ ಮೊದಲು ಉಗುರಿನ ಬುಡದ ಚರ್ಮ ತೆಗೆಯುವ ದ್ರವವನ್ನು ಮಾರಿ, 1917ರಲ್ಲಿ ಬಣ್ಣಕ್ಕೆ ಇಳಿಯಿತೆಂದೂ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಮ್ಮನ ಕಪಾಟಿನಲ್ಲಿದ್ದ ಒಂದೇ ಒಂದು ಕೆಂಪು ಬಾಟಲಿ ಮದುವೆಗಳಿಗೆ ಮೀಸಲಾಗಿತ್ತು. ನೆಂಟರಿಷ್ಟರಲ್ಲಿ ಮದುವೆಗಳು ಸಾಕಷ್ಟು ಬೇಗ ನಡೆಯದ್ದರಿಂದ ಅದು ಒಣಗಿ ಬೆಲ್ಲದಂತಾಯಿತು. ನಾವು ಮಕ್ಕಳು ಗುಲ್‌ಮೊಹರ್ ಮೊಗ್ಗಿನ ಎಸಳುಗಳನ್ನು ಉಗುರಿಗೆ ಅಂಟಿಸಿಕೊಂಡು ರಾಕ್ಷಸಿಯರಾಗಿ ಸಮಾಧಾನಪಟ್ಟೆವು.

ಈಗ ಸಂಬಳ ಬರುವ ಕಾಲದಲ್ಲಿ ಕೊಳ್ಳಬಹುದಲ್ಲ ಎಂದರೆ, ಉಡುಪಿಯ ರಥಬೀದಿಯ ಫ್ಯಾನ್ಸಿ ಅಂಗಡಿಯಲ್ಲಿ ಸುಮ್ಮನೆ ನೋಡುವುದು ಎಂಬ ಕ್ರಿಯಾಪದವೇ ಇಲ್ಲ. ಮೆಟ್ಟಿಲು ಹತ್ತುವ ಮೊದಲೇ ‘ಮೇಡಂ, ಎಂತ ಬೇಕಿತ್ತು?’ ಎಂಬ ಪ್ರಶ್ನೆ ಬರುತ್ತದೆ. ಉಗುರುಬಣ್ಣವಿರುವುದು ಗಾಜಿನ ಕೌಂಟರಿನ ಒಳಗೆ. ಅಂಗಡಿಯವರ ಮಗಳು ಇರುವುದು ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ. ಹೀಗಾಗಿ ಪ್ರತಿ ಸಲವೂ ಗಾಜಿನೊಳಗೆ ಕಣ್ಣಿಟ್ಟು ಬಾಯಲ್ಲಿ ಹೇರ್‌ಪಿನ್ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಈಗ ಇರುವ ಹೇರ್‌ಪಿನ್ನುಗಳು ನನ್ನ ತಲೆಯಲ್ಲಿ ಉಳಿದಿರುವ ಕೂದಲಿಗಿಂತ ಹೆಚ್ಚು.

ಹೊರದೇಶದ ಅಂಗಡಿಗಳಲ್ಲಿ ಯಾರೂ ಏನೂ ಕೇಳುವುದಿಲ್ಲವೆಂಬ ಸತ್ಯ ಮೊದಲು ಅರಿವಾದದ್ದು ದುಬೈಯಲ್ಲಿ. ನಮಾಜಿನ ಮುಂಚೆ ಕೈಕಾಲು ತೊಳೆಯುವಾಗ ನೀರು ಉಗುರನ್ನು ಮುಟ್ಟಬೇಕಾದ್ದರಿಂದ, ನೀರನ್ನು ಒಳಗೆ ಬಿಡುತ್ತದೆ ಎಂದು ಹೇಳಿ ಮಾರುವ ಬಣ್ಣಗಳ ಸಾಲೇ ಅಲ್ಲಿತ್ತು. ವಿಜ್ಞಾನ ಶಿಕ್ಷಕಿಗೆ ಅಷ್ಟು ಕುತೂಹಲ ಸಾಲದೇ? ಮುಕ್ಕಾಲು ಗಂಟೆ ನಿಂತೆ. ತಮ್ಮನ ಹೆಂಡತಿ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಳು.

ಆದರೆ ನಿಜವಾದ ಪ್ರಸಂಗ ನಡೆದದ್ದು ಕಳೆದ ಬೇಸಿಗೆ ರಜೆಯಲ್ಲಿ, ಹೈಡೆಲ್‌ಬರ್ಗಿನಿಂದ ಸ್ವಲ್ಪ ದೂರದ ಪುಟ್ಟ ಊರೊಂದರಲ್ಲಿ. ಜರ್ಮನಿಯಲ್ಲಿ ಮದ್ದಿನ ಅಂಗಡಿ ಬೇರೆ, ಡ್ರೋಗರೀ ಬೇರೆ. ಮದ್ದು ಸಿಗುವುದು ಅಪೊಥೇಕೆಯಲ್ಲಿ. ಡ್ರೋಗರೀಯಲ್ಲಿ ಒಂದು ಪ್ಯಾರಾಸಿಟಮಾಲ್ ಮಾತ್ರೆಯೂ ಹುಟ್ಟದು. ಸೋಪು, ಹಲ್ಲುಜ್ಜುವ ಪೇಸ್ಟು, ಮಗುವಿನ ಆಹಾರ, ಓಟ್ಸು, ಕೊನೆಗೆ ಗೋಡೆಯಷ್ಟು ಉದ್ದದ ಸೌಂದರ್ಯವರ್ಧಕಗಳ ವಿಭಾಗ. 1972ರಲ್ಲಿ ಹನೋವರಿನಲ್ಲಿ ಶುರುವಾದ ರೋಸ್‌ಮನ್ ಮತ್ತು 1973ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಶುರುವಾದ ಡಿಎಮ್, ಈ ಎರಡರ ಮಳಿಗೆಗಳು ಆ ದೇಶದಲ್ಲಿ ನಮ್ಮಲ್ಲಿ ಸಹಕಾರಿ ಸಂಘಗಳಿರುವಂತೆ ಊರೂರಿಗೂ ಇವೆ. ನಾನು ಹೋದ ಅಂಗಡಿ ಯಾವುದೆಂದು ಹೇಳುವುದಿಲ್ಲ; ತಪ್ಪು ಅವರದ್ದಲ್ಲ.

ಕಪಾಟಿನ ಮೇಲೆ ದಪ್ಪಕ್ಷರಗಳಲ್ಲಿ ‘ನಾಗೆಲ್‌ಲಾಕ್’ ಎಂದಿತ್ತು. ತುಳುನಾಡಿನಲ್ಲಿ ಹುಟ್ಟಿದವಳು ನಾಗ ಎಂಬ ಎರಡಕ್ಷರ ಎಲ್ಲಿ ಕಂಡರೂ ಒಮ್ಮೆ ಕೈಮುಗಿಯಲು ಹೊರಡುತ್ತಾಳೆ. ನಾನೂ ಹೊರಟೆ. ನಾಗೆಲ್ ಎಂದರೆ ಉಗುರು, ನಮ್ಮ ಸಂಸ್ಕೃತದ ನಖಕ್ಕೆ ದೂರದ ದಾಯಾದಿ. ಲಾಕ್ ಎಂಬುದು ಲಾಕ್ಷಾ ಎಂಬ ಪದವೇ ಪಾರಸಿ, ಅರಬ್ಬೀ, ಇಟಲಿಗಳನ್ನು ಹಾದು ಅಲ್ಲಿಗೆ ಹೋಗಿ ನೆಲೆಸಿದ್ದು ಎಂದು ಅಳಿಯ ಆಮೇಲೆ ಹುಡುಕಿ ತೋರಿಸಿದ. ದುರ್ಯೋಧನ ಪಾಂಡವರಿಗೆ ಕಟ್ಟಿಸಿಕೊಟ್ಟ ಅರಗಿನ ಮನೆಯ ಅದೇ ಲಾಕ್ಷಾ! ಬಾಟಲಿಯ ಮೇಲೆ ಬೆಂಕಿಯಿಂದ ದೂರವಿಡಿ ಎಂಬ ಎಚ್ಚರಿಕೆಯೂ ಇರುವುದರಿಂದ ಹೆಸರು ಅನ್ವರ್ಥವೇ ಆಯಿತು. ಈಗಿನ ಉಗುರುಬಣ್ಣದಲ್ಲಿ ಅರಗು ಇರುವುದಿಲ್ಲ. ಹತ್ತಿಯಂಥ ನಾರಿಗೆ ನೈಟ್ರಿಕ್ ಆಮ್ಲದ ಸಂಸ್ಕಾರ ಕೊಟ್ಟು ಮಾಡಿದ ನೈಟ್ರೋಸೆಲ್ಯುಲೋಸನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ಗಳಲ್ಲಿ ಕರಗಿಸಿರುತ್ತಾರೆ. ಇನ್ನೂ ಸ್ವಲ್ಪ ಗಾಢವಾಗಿ ಸಂಸ್ಕರಿಸಿದರೆ ಅದೇ ಪದಾರ್ಥ ಬಂದೂಕಿಗೆ ತುಂಬುವ ಮದ್ದಾಗುತ್ತದೆ. ಹತ್ತನೆಯ ತರಗತಿಯಲ್ಲಿ ಎಸ್ಟರುಗಳ ವಾಸನೆ ಸಿಹಿಯಾಗಿರುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆ ಕಪಾಟಿನ ಮುಂದೆ ನಿಂತಾಗ ಅದು ನಿಜವೆನಿಸಿತು.

ಬಣ್ಣಗಳ ಹೆಸರುಗಳು ಮಾತ್ರ ಒಂದೂ ಅರ್ಥವಾಗಲಿಲ್ಲ. 1894ರಲ್ಲಿ ಮಂಗಳೂರಿನಿಂದ ನಮ್ಮ ಭಾಷೆಗೆ ಅಷ್ಟು ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲ್ ಅವರ ನಾಡಿನಲ್ಲಿ, ನನಗೆ ಒಂದು ಹೆಬ್ಬೆಟ್ಟಿನಷ್ಟಗಲದ ಚೀಟಿ ಓದಲು ಬಾರದೆ ಹೋಯಿತು. ನಾನೇ ಹೆಸರಿಡತೊಡಗಿದೆ. ತೆಳು ಹಸಿರಿಗೆ ಮಟ್ಟುಗುಳ್ಳ. ಗಾಢ ನೇರಳೆಗೆಂಪಿಗೆ ಪುನರ್ಪುಳಿ. ಕಂದುಮಿಶ್ರಿತ ಗುಲಾಬಿಗೆ ಕುಚ್ಚಲಕ್ಕಿ ಗಂಜಿ. ಬಿಳಿಗೆ ಶಂಕರಪುರ ಮಲ್ಲಿಗೆ. ನೀಲಿಯೂ ಅಲ್ಲದ ಹಸಿರೂ ಅಲ್ಲದ, ಓರೆಯಾಗಿ ಹಿಡಿದರೆ ಬೆಳ್ಳಿಯಂತೆ ಮಿನುಗುವ ಒಂದು ಬಣ್ಣಕ್ಕೆ ಬಂಗುಡೆ ಬೆನ್ನು. ಇದು ಬರಿಯ ಉಪಮೆಯಲ್ಲ. ಉಗುರುಬಣ್ಣಕ್ಕೆ ಮುತ್ತಿನ ಹೊಳಪು ಕೊಡಲು ಹಿಂದೆ ಹೆರಿಂಗ್ ಮೀನಿನ ಹುರುಪೆಯಿಂದ ತೆಗೆದ ಗ್ವಾನಿನ್ ಎಂಬ ಹರಳುಗಳನ್ನು ಬಳಸುತ್ತಿದ್ದರು. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ಬಳಗವೇ. ಭಾನುವಾರ ಬೂತಾಯಿ ಶುಚಿ ಮಾಡುವಾಗ ಉಗುರಿಗೆ ಅಂಟಿಕೊಂಡು ಹೊಳೆಯುವ ಹುರುಪೆಗಳನ್ನು ತಿಕ್ಕಿ ತಿಕ್ಕಿ ತೊಳೆದವಳು, ಇಲ್ಲಿ ಅದೇ ಹೊಳಪಿನ 8 ಮಿಲಿಗೆ ಎರಡು ಯೂರೋ ಆಸುಪಾಸಿನ ಬೆಲೆಯನ್ನು ರೂಪಾಯಿಗೆ ಗುಣಿಸುತ್ತ ನಿಂತಿದ್ದೆ.

ಅಲ್ಲಲ್ಲಿ ಟೆಸ್ಟರ್ ಎಂದು ಚೀಟಿ ಅಂಟಿಸಿದ ಬಾಟಲಿಗಳಿದ್ದವು. ಬಾಟಲಿಯಲ್ಲಿ ಕಂಡ ಬಣ್ಣವೂ ಉಗುರಿನ ಮೇಲೆ ಕಂಡ ಬಣ್ಣವೂ ಒಂದಲ್ಲವೆಂದು ತಿಳಿದವಳು, ಎಡಗೈಯ ಕಿರುಬೆರಳಿಗೆ ಬಂಗುಡೆ ಬೆನ್ನನ್ನು ಹಚ್ಚಿದೆ. ಒಂದು ಮಾದರಿಯಿಂದ ನಿರ್ಣಯಕ್ಕೆ ಬರಬಾರದೆಂದು ಮಕ್ಕಳಿಗೆ ಹೇಳುವುದು ನಾನೇ. ಉಂಗುರದ ಬೆರಳಿಗೆ ಪುನರ್ಪುಳಿ, ನಡುಬೆರಳಿಗೆ ಮಟ್ಟುಗುಳ್ಳ, ತೋರುಬೆರಳಿಗೆ ಕಿತ್ತಳೆ, ಹೆಬ್ಬೆರಳಿಗೆ ಕಪ್ಪು. ಎಡಗೈ ಮುಗಿಯಿತು, ಬಣ್ಣಗಳು ಮುಗಿಯಲಿಲ್ಲ. ಎಡಗೈಯಲ್ಲಿ ಕುಂಚ ಹಿಡಿದು ಬಲಗೈಗೆ ಹಚ್ಚಿದ್ದು ಉಗುರಿನ ಮೇಲೆ ಅರ್ಧ, ಚರ್ಮದ ಮೇಲೆ ಅರ್ಧ ಬಿತ್ತು.

ಆಗ ನನ್ನ ಕೈಚೀಲದೊಳಗೆ ಚೆಂಡೆ ಬಾರಿಸತೊಡಗಿತು. ಯಕ್ಷಗಾನದ ಪೀಠಿಕೆಯ ಚೆಂಡೆಯನ್ನು ಮೊಬೈಲಿನ ರಿಂಗ್‌ಟೋನಾಗಿ ಇಟ್ಟುಕೊಂಡದ್ದು ಮನೆಯ ಗದ್ದಲದಲ್ಲಿ ಕೇಳಿಸಲೆಂದು. ಸೂಜಿ ಬಿದ್ದರೂ ಕೇಳಿಸುವ ಆ ಅಂಗಡಿಯಲ್ಲಿ ಅದು ಬಯಲಾಟವನ್ನೇ ಇಳಿಸಿತು. ಹತ್ತು ಬೆರಳೂ ಹಸಿ. ಜಿಪ್ಪು ಎಳೆಯುವಂತಿಲ್ಲ, ಎಳೆಯದಿರುವಂತೆಯೂ ಇಲ್ಲ. ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಹಿಡಿದು ಬೆರಳುಗಳನ್ನು ಅಗಲಿಸಿ, ಪ್ರವೇಶಕ್ಕೆ ಕಾದು ನಿಂತ ವೇಷದಂತೆ ನಾನು ನಿಂತಿರುವಾಗ, ಪಕ್ಕದಲ್ಲಿದ್ದ ಜರ್ಮನ್ ಅಜ್ಜಿಯೊಬ್ಬರು ಅನುಮತಿ ಕೇಳುವಂತೆ ನನ್ನ ಮುಖ ನೋಡಿ, ಜಿಪ್ಪು ತೆರೆದು, ಫೋನನ್ನು ನನ್ನ ಕಿವಿಗೆ ಹಿಡಿದರು. ಆ ಕಡೆಯಿಂದ ಯಜಮಾನರು, ‘ನೀನು ಎಲ್ಲಿದ್ದೀ? ನಾವು ಬಸ್‌ಸ್ಟಾಪಿನಲ್ಲಿ ಉಂಟು’ ಎಂದರು. ಅಜ್ಜಿ ನನ್ನ ಉಗುರುಗಳನ್ನು ಒಂದೊಂದಾಗಿ ನೋಡಿ ‘ಶೋನ್’ ಎಂದರು. ಚೆಂದ ಎಂದರ್ಥ.

ಹುಡುಕಿಕೊಂಡು ಬಂದ ಮಗಳು ನನ್ನ ಕೈ ನೋಡಿ ತುಳುವಿನಲ್ಲೇ ಬೈದಳು. ಮನೆಯ ಮರ್ಯಾದೆ ಹೋಗುವ ವಿಷಯಗಳಿಗೆ ಅವಳು ತುಳುವನ್ನೇ ಬಳಸುತ್ತಾಳೆ. ಇಷ್ಟೆಲ್ಲ ಹಚ್ಚಿ ಒಂದನ್ನೂ ಕೊಳ್ಳದೆ ಹೋಗುವುದು ಸರಿಯಲ್ಲವೆಂದು ನಾನು ಅವಸರದಲ್ಲಿ ಬಂಗುಡೆ ಬೆನ್ನನ್ನು ತೆಗೆದುಕೊಂಡೆ; ಜೊತೆಗೆ ‘ಊಬರ್‌ಲಾಕ್’ ಎಂಬ ಇನ್ನೊಂದನ್ನೂ. ಆ ಊಬರ್ ಟ್ಯಾಕ್ಸಿಯ ಊಬರೇ, ಅಂದರೆ ಮೇಲ್ದರ್ಜೆಯದ್ದಿರಬೇಕೆಂದು ನನ್ನ ಎಣಿಕೆ. ಮನೆಗೆ ಬಂದು ತೆರೆದರೆ ಒಳಗಿದ್ದದ್ದು ಬಣ್ಣವೇ ಇಲ್ಲದ ಮೇಲ್ಲೇಪ.

ಮರುದಿನ ಭಾನುವಾರ, ಮಧ್ಯಾಹ್ನ ನಾಲ್ಕು ಕನ್ನಡ ಕುಟುಂಬಗಳಿಗೆ ಊಟ ಎಂಬುದು ಮಗಳಿಗೆ ಆಗ ನೆನಪಾಯಿತು. ಬಣ್ಣ ತೆಗೆಯುವ ದ್ರವ ಮನೆಯಲ್ಲಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗಿ ತಂದರಾಯಿತು ಎಂದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಇಲ್ಲ. ಆ ದಿನದ ವಿಶ್ರಾಂತಿಯನ್ನು 1919ರ ವೈಮರ್ ಸಂವಿಧಾನದಲ್ಲಿ ಬರೆದಿಟ್ಟು, 1949ರ ಸಂವಿಧಾನದಲ್ಲಿಯೂ ಹಾಗೆಯೇ ಉಳಿಸಿಕೊಂಡಿದ್ದಾರೆ. ನನ್ನ ಹತ್ತು ಉಗುರುಗಳಿಗೆ ಅಡ್ಡ ನಿಂತದ್ದು ಸಾಕ್ಷಾತ್ ಸಂವಿಧಾನ. ಪೆಟ್ರೋಲ್ ಪಂಪಿಗೆ ವಿನಾಯಿತಿ ಉಂಟೆಂದು ಅಲ್ಲಿಗೆ ಓಡಿದ ಅಳಿಯ ಕಾರಿನ ಗಾಜು ಒರೆಸುವ ದ್ರವ ತಂದು, ‘ಅತ್ತೆ, ಇದಾಗ್ತದಾ?’ ಎಂದು ಸಂಕೋಚದಿಂದ ಕೇಳಿದ.

ತೆಂಗಿನೆಣ್ಣೆ ಸೋತಿತು. ಹಲ್ಲಿನ ಪೇಸ್ಟು ಸೋತಿತು. ಆಗ ನನ್ನೊಳಗಿನ ಶಿಕ್ಷಕಿ ಎಚ್ಚರಗೊಂಡಳು. ಹಳೆಯ ಲೇಪದ ಮೇಲೆ ಹೊಸ ಲೇಪ ಹಚ್ಚಿದರೆ, ಹೊಸದರಲ್ಲಿರುವ ದ್ರಾವಕ ಹಳೆಯದನ್ನು ಕರಗಿಸುತ್ತದೆ. ಒಣಗುವ ಮೊದಲೇ ಒರೆಸಿಬಿಟ್ಟರೆ ಎರಡೂ ಬರಬೇಕು. ಊಬರ್‌ಲಾಕ್ ಇದೆಯಲ್ಲ! ಸಿದ್ಧಾಂತದಲ್ಲಿ ದೋಷವಿರಲಿಲ್ಲ. ಆದರೆ ಒರೆಸಲು ಹತ್ತಿಯ ಬದಲು ಹಿಡಿದ ಕಾಗದದ ಕರವಸ್ತ್ರ ಕರಗಿದ ಬಣ್ಣಕ್ಕೆ ಅಂಟಿಕೊಂಡು ಎಳೆ ಎಳೆಯಾಗಿ ಉಗುರಿನ ಮೇಲೆ ಉಳಿಯಿತು, ಕಪ್ಪು ಕಿತ್ತಳೆಗೆ ಹರಿಯಿತು, ಕಿತ್ತಳೆ ಹಸಿರಿಗೆ ಹರಿಯಿತು, ಮತ್ತು ಮೂರು ಉಗುರುಗಳಾಗುವಾಗ ಬಾಟಲಿ ಬರಿದಾಯಿತು. ಏಳು ಬಣ್ಣದ ಉಗುರುಗಳೂ ರೋಮ ಹುಟ್ಟಿದಂತೆ ಕಾಣುವ ಮೂರು ಉಗುರುಗಳೂ ಸೇರಿ ಆ ಮಧ್ಯಾಹ್ನ ನೀರುದೋಸೆ ಬಡಿಸಿದವು.

ನೀರುದೋಸೆಯನ್ನು ಚಮಚದಲ್ಲಿ ಬಡಿಸಲು ಬರುವುದಿಲ್ಲ. ಬೆರಳಿನಿಂದಲೇ ಮಡಚಿ ಎತ್ತಬೇಕು. ಪ್ರತಿ ತಟ್ಟೆಯ ಮೇಲೂ ನನ್ನ ಕೈ ಒಮ್ಮೆ ಇಳಿದು ಏಳುವಾಗ ಮಾತು ನಿಲ್ಲುತ್ತಿತ್ತು. ಕೊನೆಗೆ ಕುಂದಾಪುರ ಕಡೆಯ ಒಬ್ಬ ಹಿರಿಯರು, ‘ಎಂತ ಟೀಚರ್ರೇ, ಕೈಗೆ ಪೆಟ್ಟಾಯ್ತಾ?’ ಎಂದು ಮರುಕದಿಂದ ಕೇಳಿದರು. ಐದು ವರ್ಷದ ಒಂದು ಪುಟಾಣಿ ಮಾತ್ರ ನನ್ನ ಕೈ ಹಿಡಿದು ಎಲ್ಲ ಬಣ್ಣಗಳನ್ನೂ ಎಣಿಸಿ, ತನಗೂ ಹೀಗೆಯೇ ಬೇಕೆಂದು ಅಳತೊಡಗಿತು. ಅದರ ತಾಯಿ ನನ್ನನ್ನು ನೋಡಿದ ಬಗೆ ನನಗೆ ಚೆನ್ನಾಗಿ ಪರಿಚಯವಿದೆ: ಸೋಮವಾರ ಬೆಳಿಗ್ಗೆ ನಾನು ಹುಡುಗಿಯರನ್ನು ನೋಡುವುದು ಹಾಗೆಯೇ.

ಸೋಮವಾರ ಮಗಳು ತಂದುಕೊಟ್ಟ 125 ಮಿಲಿಯ ದ್ರವದಿಂದ ಕೈ ಶುದ್ಧವಾಯಿತು. ಉಳಿದದ್ದನ್ನು ಊರಿಗೆ ಒಯ್ಯೋಣವೆಂದು ಕೈಚೀಲದಲ್ಲಿಟ್ಟುಕೊಂಡರೆ, 100 ಮಿಲಿಗಿಂತ ದೊಡ್ಡ ಬಾಟಲಿ ಕೂಡದೆಂದು ವಿಮಾನ ನಿಲ್ದಾಣದ ತಪಾಸಣೆಯವರು ತೆಗೆದುಕೊಂಡರು. ಬಂಗುಡೆ ಬೆನ್ನು ಮಾತ್ರ ನನ್ನೊಂದಿಗೆ ಬಜಪೆಗೆ ಬಂದಿಳಿಯಿತು.

ಕೈಗೆ ಹಚ್ಚುವಂತಿಲ್ಲ, ಶಾಲೆಯ ನಿಯಮವಿದೆ, ಮೇಲಾಗಿ ಮೀನಿನ ಸಾರಿನ ಅರಿಶಿನ ತಿಳಿಬಣ್ಣವನ್ನು ಒಂದೇ ಊಟಕ್ಕೆ ಹಳದಿ ಮಾಡುತ್ತದೆ. ನಿಯಮದ ಪ್ರತಿಯನ್ನು ತೆಗೆದು ಓದಿದೆ. ‘ಕೈಯ ಉಗುರುಗಳಿಗೆ’ ಎಂದು ಸ್ಪಷ್ಟವಾಗಿ ಬರೆದಿತ್ತು. ಬರೆದವಳು ನಾನೇ. ಮೇ ಕೊನೆಯ ರಾತ್ರಿ ಕಾಲಿನ ಹತ್ತು ಬೆರಳುಗಳಿಗೂ ಎರಡೆರಡು ಸಲ ಹಚ್ಚಿ, ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತೆ.

ಜೂನಿನ ಮೊದಲ ಸೋಮವಾರ ಮಳೆ ಹಿಡಿದದ್ದು ಬಿಡಲಿಲ್ಲ. ನಮ್ಮ ಮಳೆಗಾಲದಲ್ಲಿ ಮುಚ್ಚಿದ ಚಪ್ಪಲಿ ಹಾಕಿದರೆ ಸಂಜೆಗೆ ಅದರಲ್ಲಿ ಮೀನು ಸಾಕಬಹುದು. ಎಂದಿನಂತೆ ತೆರೆದ ರಬ್ಬರ್ ಚಪ್ಪಲಿ ಮೆಟ್ಟಿ, ಸೀರೆಯನ್ನು ಎರಡು ಇಂಚು ಮೇಲೆತ್ತಿ ಉಟ್ಟು ಹೋದೆ. ಪ್ರಾರ್ಥನೆ ಜಗಲಿಯಲ್ಲೇ ನಡೆಯಿತು. ಸಾಲಿನ ನಡುವೆ ಎಂಟನೆಯ ತರಗತಿಯ ಹೊಸ ಹುಡುಗಿಯೊಬ್ಬಳು ಕೈ ಹಿಂದಕ್ಕೆ ಕಟ್ಟಿ ನಿಂತಿದ್ದಳು. ‘ಕೈ ತೋರಿಸು’ ಎಂದೆ. ಹತ್ತೂ ಉಗುರುಗಳಲ್ಲಿ ಗುಲಾಬಿ. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ, ತಲೆ ತಗ್ಗಿಸಿದ್ದ ಅವಳ ಕಣ್ಣು ನನ್ನ ಒದ್ದೆ ಕಾಲುಗಳ ಮೇಲೆ ನಿಂತಿತು. ಮಾಡಿನ ನೀರು ತಾಗಿ ಬಂಗುಡೆ ಬೆನ್ನು ಆಗ ತಾನೇ ಬಲೆಯಿಂದ ಬಿಡಿಸಿದಂತೆ ಹೊಳೆಯುತ್ತಿತ್ತು.

‘ಮಧ್ಯಾಹ್ನ ಲ್ಯಾಬಿಗೆ ಬಾ. ಅಸಿಟೋನ್ ಕೊಡ್ತೇನೆ’ ಎಂದೆ, ಆದಷ್ಟು ಗಟ್ಟಿ ಧ್ವನಿಯಲ್ಲಿ.

ಅವಳು ತಲೆ ಎತ್ತಲಿಲ್ಲ. ‘ಇಬ್ಬರಿಗೆ ಸಾಕಾಗುವಷ್ಟು ಉಂಟಾ, ಟೀಚರ್?’ ಎಂದು ಕೇಳಿದಳು.